ಇಲ್ಲವೋ, ಕಾಣಲಿಲ್ಲವೋ

ನಮ್ಮ ಪ್ರಾಚೀನ ತಾರ್ಕಿಕರು ಜಗತ್ತಿನ ಪದಾರ್ಥಗಳನ್ನು ಎಣಿಸುತ್ತ ಹೋಗಿ, ದ್ರವ್ಯ, ಗುಣ, ಕರ್ಮ ಮೊದಲಾದುವನ್ನೆಲ್ಲ ವಿಂಗಡಿಸಿಟ್ಟಮೇಲೆ, ಕಟ್ಟಕಡೆಗೆ ಇಲ್ಲದಿರುವಿಕೆಯನ್ನೂ ಒಂದು ಪದಾರ್ಥವೆಂದೇ ಗಣಿಸಿ ಅದಕ್ಕೆ ಅಭಾವವೆಂದು ಹೆಸರಿಟ್ಟರು. ‘ನೆಲದ ಮೇಲೆ ಗಡಿಗೆಯಿಲ್ಲ’ ಎಂಬ, ಮಗುವಿಗೂ ಅರ್ಥವಾಗುವ ಒಂದು ಮಾತನ್ನು ಮುಂದಿಟ್ಟುಕೊಂಡು, ಕಣ್ಣಿಗೆ ಬೀಳುತ್ತಿರುವುದು ಬರಿಯ ನೆಲವಾಗಿರುವಾಗ ಗಡಿಗೆಯ ಅಭಾವವು ನಮಗೆ ತಿಳಿದುಬಂದದ್ದು ಯಾವ ದಾರಿಯಿಂದ ಎಂದು ಅವರು ಶತಮಾನಗಳ ಕಾಲ ವಿಚಾರ ಮಾಡಿದರು. ಅದೂ ಪ್ರತ್ಯಕ್ಷವೇ ಎಂದು ನೈಯಾಯಿಕರು ಹೇಳಿದರೆ, ಅಲ್ಲ, ಅನುಪಲಬ್ಧಿಯೆಂಬ ಬೇರೆಯ ಪ್ರಮಾಣವೊಂದು ಅದಕ್ಕೆ ಬೇಕೆಂದು ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ವಾದಿಸಿದರು. ಆದರೆ ಒಂದು ನಿಬಂಧನೆಯ ವಿಷಯದಲ್ಲಿ ಅವರೊಳಗೆ ಭಿನ್ನಾಭಿಪ್ರಾಯವಿರಲಿಲ್ಲ: ವಸ್ತುವು ಅಲ್ಲಿದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಂಥ ಸ್ಥಿತಿಯಲ್ಲಿ ನಿಂತು ನಾವು ನೋಡಿರಬೇಕು, ಹಾಗೆ ನೋಡಿದವನಿಗೆ ಮಾತ್ರವೇ, ಕಾಣಲಿಲ್ಲ ಎಂಬುದರಿಂದ ಇಲ್ಲ ಎಂಬುದಕ್ಕೆ ಹೋಗುವ ಅಧಿಕಾರವುಂಟು. ಕತ್ತಲೆಯ ಕೋಣೆಗೆ ಇಣಿಕಿ ನೋಡಿ ಬಂದು ಗಡಿಗೆಯಿಲ್ಲವೆಂದವನ ಮಾತು ಪ್ರಮಾಣವಾಗದು. ಆ ನಿಬಂಧನೆಗೆ ಒಳಪಟ್ಟ ಕಾಣದಿರುವಿಕೆಯನ್ನು ಶಾಸ್ತ್ರದಲ್ಲಿ ಯೋಗ್ಯಾನುಪಲಬ್ಧಿ ಎನ್ನುತ್ತಾರೆ.

ಈ ಹಳೆಯ ಚರ್ಚೆಯನ್ನು ನಾನು ಮತ್ತೆ ನೆನೆಯಬೇಕಾಗಿ ಬಂದದ್ದು ಗ್ರಂಥಗಳ ಮುಂದೆ ಕುಳಿತಲ್ಲ. ಅಂಗೈಯಗಲದ ಒಂದು ಮೊಬೈಲ್ ಫೋನಿನ ಮುಂದೆ ಕುಳಿತು. ನನ್ನ ಅಣ್ಣನ ಮಗನು ತಮ್ಮ ಬಡಾವಣೆಯ ಓದುಗರ ಸಂಘದ ಪುಸ್ತಕಭಂಡಾರಕ್ಕೆಂದು ಒಂದು ಆ್ಯಪ್ ಸಿದ್ಧಪಡಿಸುತ್ತಿದ್ದನು. ಸಂಘದ ಸದಸ್ಯರು ತಮ್ಮ ಮನೆಯಲ್ಲಿಯೇ ಕುಳಿತು, ಬೇಕಾದ ಪುಸ್ತಕವು ಕಪಾಟಿನಲ್ಲಿ ಉಂಟೇ ಇಲ್ಲವೇ ಎಂಬುದನ್ನು ಹುಡುಕಿ ನೋಡಿಕೊಳ್ಳಬಹುದೆಂಬುದು ಅದರ ಉದ್ದೇಶ. ಪರೀಕ್ಷೆಗೆಂದು ಅವನು ಫೋನನ್ನು ನನ್ನ ಕೈಗೆ ಕೊಟ್ಟಾಗ ನಾನು, ನಮ್ಮ ಕಾಲದ ಅಭ್ಯಾಸದಂತೆ, ‘ಪುಟ್ಟಪ್ಪ’ ಎಂದು ಬರೆದೆನು. ಕ್ಷಣಮಾತ್ರ ಏನೋ ಸುತ್ತಿದಂತಾಯಿತು. ಬಳಿಕ ಬಿಳಿಯ ಪರದೆಯ ನಡುವೆ, ಬೂದುಬಣ್ಣದ ಅಕ್ಷರಗಳಲ್ಲಿ, ‘ಪುಟ್ಟಪ್ಪ ಗಾಗಿ ಯಾವುದೇ ಫಲಿತಾಂಶಗಳು ಕಂಡುಬಂದಿಲ್ಲ’ ಎಂಬ ವಾಕ್ಯವು ಮೂಡಿತು. ನಾನು ಕುಳಿತಿದ್ದ ಕುರ್ಚಿಯ ಹಿಂದೆಯೇ, ಭುಜಕ್ಕೆ ತಾಗುವಷ್ಟು ಸಮೀಪದಲ್ಲಿ, ಕುವೆಂಪು ಅವರ ಪುಸ್ತಕಗಳು ಒಂದು ಇಡೀ ಹಲಗೆಯನ್ನು ತುಂಬಿ ನಿಂತಿದ್ದುವು.

ಆ ವಾಕ್ಯವನ್ನು ತಿದ್ದಲು ಎರಡು ಭಾನುವಾರಗಳು ಬೇಕಾದುವು. ಒಂದು ಸಾಲಿಗೆ ಎರಡು ಭಾನುವಾರಗಳೇ ಎಂದು ಕೇಳುವವರಿಗೆ, ಆ ಸಾಲಿನ ಹಿಂದೆ ಎಷ್ಟು ಸಂಗತಿಗಳು ಅವಿತಿರುತ್ತವೆ ಎಂಬುದನ್ನು ಹೇಳಬೇಕೆಂದೇ ಈ ಲೇಖನ.

ಮೊದಲು ಆ ಸಾಲು ಎಲ್ಲಿಂದ ಬರುತ್ತದೆ ಎಂಬುದನ್ನು ನೋಡೋಣ. ಪಟ್ಟಿಯನ್ನು ತೋರಿಸತಕ್ಕ ಯಂತ್ರಭಾಗಕ್ಕೆ, ಪಟ್ಟಿಯು ಬರಿದಾದಾಗ ಏನು ಮಾಡಬೇಕೆಂಬುದು ಸ್ವಭಾವತಃ ತಿಳಿದಿರುವುದಿಲ್ಲ. 2008ರಲ್ಲಿ ಬಂದ ಮೊದಲ ಆಂಡ್ರಾಯ್ಡ್‌ನಲ್ಲಿಯೇ, ಲಿಸ್ಟ್‌ವ್ಯೂ ಎಂಬ ಪಟ್ಟಿಗೆ ‘ನೀನು ಬರಿದಾದಾಗ ನಿನ್ನ ಬದಲಿಗೆ ಇದನ್ನು ತೋರಿಸು’ ಎಂದು ಇನ್ನೊಂದು ದೃಶ್ಯವನ್ನು ಕಟ್ಟಿಕೊಡುವ ಅನುಕೂಲವಿತ್ತು. 2014ರಲ್ಲಿ ಅದರ ಸ್ಥಾನಕ್ಕೆ ಬಂದ, ಹೆಚ್ಚು ಸಮರ್ಥವಾದ ರೀಸೈಕ್ಲರ್‌ವ್ಯೂನಲ್ಲಿ ಆ ಅನುಕೂಲವನ್ನು ಕೈಬಿಡಲಾಯಿತು. ಪಟ್ಟಿಯಲ್ಲಿ ಎಷ್ಟು ಅಂಶಗಳಿವೆಯೆಂದು ಬರೆಯುವವನೇ ಎಣಿಸಿ, ಸೊನ್ನೆಯಾದೊಡನೆ ಪಟ್ಟಿಯನ್ನು ಮರೆಮಾಡಿ ಸಂದೇಶವನ್ನು ಮುಂದಕ್ಕೆ ತರಬೇಕು. ಮರೆತರೆ ಓದುಗನ ಪಾಲಿಗೆ ಬಿಳಿಯ ಗೋಡೆ. ಐಫೋನಿನ ಕಥೆ ಇದಕ್ಕೆ ವಿಪರೀತವಾದದ್ದು. ಅಲ್ಲಿ ಹಿಂದಿನ ಹುಡುಕಾಟದ ಸಲಕರಣೆಯು, ಯಾರೂ ಹೇಳದಿದ್ದರೂ, ‘ನೋ ರಿಸಲ್ಟ್ಸ್’ ಎಂದು ತಾನಾಗಿಯೇ ಬರೆದುಬಿಡುತ್ತಿತ್ತು. ಅದನ್ನು ಬದಲಾಯಿಸುವುದಕ್ಕೆ ರಾಜಮಾರ್ಗವಿರಲಿಲ್ಲ. ತಮ್ಮ ಮಾತನ್ನೇ ಅಲ್ಲಿ ಇಡಬೇಕೆಂದವರು ಪರದೆಯ ಪದರಗಳನ್ನು ಒಂದೊಂದಾಗಿ ಸರಿಸಿ, ಆ ಎರಡು ಪದಗಳಿರುವ ಚೀಟಿಯನ್ನು ಪತ್ತೆಮಾಡಿ, ಅದರ ಮೇಲೆ ತಮ್ಮ ಬರೆಹವನ್ನು ಅಂಟಿಸುತ್ತಿದ್ದರು. 2014ರಲ್ಲಿ ಆ ಸಲಕರಣೆಯೇ ಹಿಂದಾಯಿತು. 2023ರ ಐಒಎಸ್ 17ರಲ್ಲಿ ಇದಕ್ಕೆಂದೇ ಸಿದ್ಧದೃಶ್ಯವೊಂದು ಬಂದು, ಹುಡುಕಿದ ಪದವನ್ನು ಎತ್ತಿ ತೋರಿಸಿ, ಕಾಗುಣಿತವನ್ನು ಪರಿಶೀಲಿಸಿರಿ ಅಥವಾ ಬೇರೊಂದು ಪದವನ್ನು ಹುಡುಕಿರಿ ಎಂದು ಹೇಳುತ್ತದೆ. ಬೇಕಾದವರು ಅದರ ಚಿತ್ರವನ್ನೂ ಮಾತನ್ನೂ ಗುಂಡಿಯನ್ನೂ ಬದಲಾಯಿಸಿಕೊಳ್ಳಬಹುದು. ಇಷ್ಟು ವರ್ಷಗಳ ತರುವಾಯವಾದರೂ, ಬರಿದಾದ ಪಟ್ಟಿಯೂ ಒಂದು ಉತ್ತರವೇ ಎಂಬುದನ್ನು ದೊಡ್ಡ ಸಂಸ್ಥೆಗಳು ಅಂಗೀಕರಿಸಿದುದು ನನಗೆ ಸಂತೋಷವನ್ನುಂಟುಮಾಡಿತು.

ಆದರೆ ಸಲಕರಣೆಯು ಸ್ಥಳವನ್ನು ಕೊಡುತ್ತದೆಯೇ ಹೊರತು ಸತ್ಯವನ್ನು ಕೊಡುವುದಿಲ್ಲ. ಸೊನ್ನೆ ಎಂಬ ಸಂಖ್ಯೆಯೊಂದೇ ಆದರೂ ಸೊನ್ನೆಗೆ ಕಾರಣಗಳು ಒಂದೇ ಅಲ್ಲ. ತಾರ್ಕಿಕರು ಅಭಾವವನ್ನು ನಾಲ್ಕಾಗಿ ವಿಂಗಡಿಸಿದ್ದರಷ್ಟೆ. ಪುಸ್ತಕಭಂಡಾರದ ಮಟ್ಟಿಗೆ ಆ ವಿಂಗಡಣೆ ಎಷ್ಟು ಚೆನ್ನಾಗಿ ಹೊಂದುತ್ತದೆಂಬುದನ್ನು ಕಂಡು ನಾನು ಬೆರಗಾದೆನು. ತರಿಸಲು ಹೇಳಿದ್ದಾರೆ, ಇನ್ನೂ ಬಂದಿಲ್ಲ ಎನ್ನುವ ಪುಸ್ತಕದ್ದು ಪ್ರಾಗಭಾವ. ಹಿಂದೊಮ್ಮೆ ಇದ್ದು, ಗೆದ್ದಲು ಹಿಡಿದೋ ಕಳೆದೋ ಪಟ್ಟಿಯಿಂದ ತೆಗೆದುಹಾಕಲ್ಪಟ್ಟದ್ದರದು ಪ್ರಧ್ವಂಸಾಭಾವ. ಈ ಸಂಘವು ಎಂದೂ ತರಿಸಿಲ್ಲದ, ತರಿಸುವ ಉದ್ದೇಶವೂ ಇಲ್ಲದ ಬಗೆಯ ಗ್ರಂಥದ್ದು ಅತ್ಯಂತಾಭಾವಕ್ಕೆ ಸಮೀಪವಾದದ್ದು. ಇದು ಅದಲ್ಲ, ಅದು ಇದಲ್ಲ ಎನ್ನುವ ಅನ್ಯೋನ್ಯಾಭಾವಕ್ಕೆ ನನ್ನ ‘ಪುಟ್ಟಪ್ಪ’ನೇ ಉದಾಹರಣೆ: ಯಂತ್ರದ ದೃಷ್ಟಿಯಲ್ಲಿ ಪುಟ್ಟಪ್ಪನವರು ಕುವೆಂಪು ಅಲ್ಲ. ಕನ್ನಡದಲ್ಲಿಯಾದರೋ ಈ ಭೇದವು ಭಾಷೆಯ ಬೇರಿನಲ್ಲಿಯೇ ಉಂಟು. ‘ಇಲ್ಲ’ ಎಂಬುದು ಇರವನ್ನು ನಿಷೇಧಿಸುತ್ತದೆ, ‘ಅಲ್ಲ’ ಎಂಬುದು ತಾದಾತ್ಮ್ಯವನ್ನು ನಿಷೇಧಿಸುತ್ತದೆ. ಎರಡನ್ನೂ ಒಂದೇ ಶಬ್ದದಿಂದ ಸಾಗಿಸಬೇಕಾದ ಭಾಷೆಗಳಿವೆ. ಇಂಥ ಸೂಕ್ಷ್ಮವಾದ ಆಯುಧಗಳನ್ನು ಕೈಯಲ್ಲಿಟ್ಟುಕೊಂಡ ನಾವು, ಎಲ್ಲ ಬಗೆಯ ಶೂನ್ಯಕ್ಕೂ ‘ಕಂಡುಬಂದಿಲ್ಲ’ ಎಂಬ ಒಂದೇ ಮುದ್ರೆಯನ್ನು ಒತ್ತುತ್ತ ಕೂರುವುದು ಉಚಿತವಲ್ಲ.

ಇವೆಲ್ಲಕ್ಕೂ ಮಿಗಿಲಾಗಿ ಕತ್ತಲೆಯ ಕೋಣೆಯ ಪ್ರಶ್ನೆಯೊಂದಿದೆ. ಫೋನು ಹುಡುಕುವುದು ತನ್ನ ಹೊಟ್ಟೆಯೊಳಗಲ್ಲ. ದೂರದ ಸರ್ವರ್ ಎಂಬ ಗಣಕವನ್ನು ಕೇಳಿ, ಅದು ಕೊಟ್ಟುದನ್ನು ತಂದು ತೋರಿಸುತ್ತದೆ. ಹಾದಿಯಲ್ಲಿ ನೆಟ್‌ವರ್ಕ್ ಕಡಿದುಹೋದರೆ ಕೈಗೆ ಏನೂ ಬರುವುದಿಲ್ಲ. ಏನೂ ಬಾರದಿದ್ದರೆ ಪಟ್ಟಿ ಬರಿದು. ಪಟ್ಟಿ ಬರಿದಾದರೆ, ಸೊನ್ನೆಯನ್ನು ಮಾತ್ರ ನೋಡುವ ಅವಿವೇಕದ ಆ್ಯಪ್ ‘ಇಲ್ಲ’ ಎಂದು ಘೋಷಿಸಿಬಿಡುತ್ತದೆ. ದೀಪ ಹಚ್ಚದೆ ನೋಡಿ ಬಂದವನ ಸಾಕ್ಷ್ಯವೆಂದರೆ ಇದೇ. ಪುಸ್ತಕದ ವಿಷಯದಲ್ಲಿ ಇದರಿಂದ ಒಂದು ಸಂಜೆಯ ಓದು ತಪ್ಪಿತೆಂದು ಸುಮ್ಮನಾಗಬಹುದು. ಆದರೆ ಔಷಧವನ್ನೋ ರಾತ್ರಿಯ ಕಡೆಯ ಬಸ್ಸನ್ನೋ ಹುಡುಕುತ್ತಿರುವವನಿಗೆ, ಆ್ಯಪ್ ತಾನು ವಿಚಾರಿಸಿಯೇ ಇಲ್ಲದ ವಿಷಯದಲ್ಲಿ ‘ಇಲ್ಲ’ ಎಂದು ಉತ್ತರವಿತ್ತರೆ ಅದು ಅಪಚಾರವೇ ಸರಿ. ಆದುದರಿಂದ ನಾವು ಮೊದಲು ಮಾಡಿದ ಕೆಲಸವೆಂದರೆ ಪರದೆಯ ಸ್ಥಿತಿಗಳನ್ನು ಬೇರೆಬೇರೆಯಾಗಿ ಹೆಸರಿಸಿದುದು: ಓದುಗನು ಇನ್ನೂ ಏನನ್ನೂ ಕೇಳಿಲ್ಲ; ಕೇಳಿದ್ದಾನೆ, ಉತ್ತರ ಬರುತ್ತಿದೆ; ಉತ್ತರ ಬಂದಿದೆ, ಪುಸ್ತಕಗಳಿವೆ; ಉತ್ತರ ಬಂದಿದೆ, ಪುಸ್ತಕವಿಲ್ಲ; ಉತ್ತರವೇ ಬರಲಿಲ್ಲ. ಕಡೆಯ ಎರಡನ್ನು ಒಂದೇ ಮಾತಿನಲ್ಲಿ ಹೇಳಕೂಡದೆಂಬುದು ನಮ್ಮ ಮೊದಲ ಕಟ್ಟಳೆಯಾಯಿತು. ಇದಲ್ಲದೆ, ‘ಈಗ ಕಪಾಟಿನಲ್ಲಿರುವುವು ಮಾತ್ರ’ ಎಂಬ ಸೋಸುವ ಗುಂಡಿಯೊಂದನ್ನು ಒತ್ತಿ ಮರೆತವರಿಗಾಗಿ ಇನ್ನೊಂದು ಮಾತು ಬೇಕಾಯಿತು. ಪುಸ್ತಕವು ಸಂಘದ್ದೇ, ಬೇರೊಬ್ಬ ಸದಸ್ಯರು ಓದಲು ಕೊಂಡೊಯ್ದಿದ್ದಾರೆ ಅಷ್ಟೆ. ಅದನ್ನು ಇಲ್ಲವೆನ್ನುವುದು ಹೇಗೆ?

ಈ ನಡುವೆ ಹೊಸ ತೊಂದರೆಯೊಂದು ಗೋಚರವಾಯಿತು. ಓದುಗನು ಒಂದೊಂದು ಅಕ್ಷರ ಬರೆದ ಹಾಗೆಲ್ಲ ಹುಡುಕುತ್ತ ಹೋಗುವಂತೆ ಅಣ್ಣನ ಮಗ ಏರ್ಪಡಿಸಿದ್ದನು. ಇಂಗ್ಲಿಷಿನಲ್ಲಿ ಇದು ಸರಾಗವಾಗಿ ನಡೆಯುತ್ತದೆ. ಆದರೆ ರೋಮನ್ ಅಕ್ಷರಗಳನ್ನು ಒತ್ತಿ ಕನ್ನಡವನ್ನು ಪಡೆಯುವ, ‘ಬರಹ’ ತಂತ್ರಾಂಶದ ಮಾದರಿಯ ಕೀಲಿಮಣೆಯಲ್ಲಿ, ‘ಕನ್ನಡ’ ಎಂದು ಬರೆಯುವವನ ಕೈಯಿಂದ ಮೊದಲು ಹುಟ್ಟುವುದು ಸ್ವರವಿಲ್ಲದ ‘ಕ್’. ಬಳಿಕ ‘ಕ’, ‘ಕನ್’, ‘ಕನ್ನ್’, ‘ಕನ್ನ’, ‘ಕನ್ನಡ್’, ಕೊನೆಗೆ ‘ಕನ್ನಡ’. ‘ಕನ್ನಡ್’ ಎಂದು ಮೊದಲಾಗುವ ಪುಸ್ತಕವು ಯಾವ ಭಂಡಾರದಲ್ಲಿಯೂ ಇರಲಾರದು. ಹೀಗಾಗಿ ಹೆಸರೊಂದನ್ನು ಬರೆದು ಮುಗಿಸುವುದರೊಳಗೆ ಇದೆ, ಇಲ್ಲ, ಇದೆ, ಇಲ್ಲ ಎಂದು ಪರದೆಯು ಮಿಣುಕುತ್ತಿತ್ತು. ಎದುರಿಗಿರುವವನು ವಾಕ್ಯವನ್ನು ಮುಗಿಸುವ ತನಕ ಕಾಯದೆ ನಡುನಡುವೆ ಇಲ್ಲವೆನ್ನುವುದು ಸಭ್ಯತೆಯಲ್ಲವಷ್ಟೆ. ಬೆರಳು ನಿಂತು ಸುಮಾರು 300 ಮಿಲಿಸೆಕೆಂಡುಗಳು ಕಳೆದ ಮೇಲೆಯೇ ಹುಡುಕಾಟ ಆರಂಭವಾಗಬೇಕೆಂದೂ, ಪದದ ತುದಿಯಲ್ಲಿ ಒಂಟಿ ವಿರಾಮಚಿಹ್ನೆ, ಅಂದರೆ ಅರ್ಧಾಕ್ಷರದ ಗುರುತು, ಇದ್ದರೆ ಅದನ್ನು ತೆಗೆದು ಹುಡುಕಬೇಕೆಂದೂ ಗೊತ್ತುಮಾಡಿದೆವು. ಈ ಎರಡನೆಯದು ಕನ್ನಡವನ್ನು ಬಲ್ಲವನಿಗೆ ಮಾತ್ರ ತೋಚತಕ್ಕ ವಿಚಾರ.

ಇನ್ನು ವಾಕ್ಯದ ಸಂಗತಿ. ‘ಪುಟ್ಟಪ್ಪ ಗಾಗಿ’ ಎಂಬಲ್ಲಿ ನಡುವೆ ಬಿದ್ದಿರುವ ಆ ತೆರಪನ್ನು ನೋಡಿರಿ. ಇಂಗ್ಲಿಷ್ ವಾಕ್ಯದಲ್ಲಿ ನಾಮಪದದ ಮುಂದೆ ಒಂದು ಸಣ್ಣ ಶಬ್ದವನ್ನಿಟ್ಟರೆ ಸಾಕು, ನಾಮಪದ ಯಾವುದಾದರೂ ಆ ಶಬ್ದ ಬದಲಾಗದು. ಆದಕಾರಣ ಓದುಗನ ಪದ ಬಂದು ಕೂರತಕ್ಕ ಜಾಗವನ್ನು ಖಾಲಿ ಬಿಟ್ಟು ವಾಕ್ಯವನ್ನು ಎರಕಹೊಯ್ದಿಡಬಹುದು. ಕನ್ನಡದ ವಿಭಕ್ತಿ ಅಂಥದಲ್ಲ. ಅದು ಪ್ರಕೃತಿಯ ಮೈಗೆ ಹತ್ತಿಕೊಳ್ಳುತ್ತದೆ; ಹತ್ತಿಕೊಳ್ಳುವಾಗ ಅದರ ಸ್ವಭಾವವನ್ನು ವಿಚಾರಿಸುತ್ತದೆ. ಮನೆಗೆ, ಮರಕ್ಕೆ, ಊರಿಗೆ, ಗುರುವಿಗೆ, ಅಣ್ಣನಿಗೆ: ಚತುರ್ಥಿಯೊಂದೇ ಆದರೂ ಅದು ತೊಟ್ಟ ರೂಪಗಳು ಐದು. 13ನೆಯ ಶತಮಾನದ ಕೇಶಿರಾಜನಿಂದ ಹಿಡಿದು ವೈಯಾಕರಣರು ಶ್ರಮಪಟ್ಟು ವಿವರಿಸಿದ ಈ ವ್ಯವಸ್ಥೆಯನ್ನು, ಓದುಗನು ಮುಂದೆ ಯಾವ ಪದವನ್ನು ಬರೆದಾನೆಂಬುದನ್ನರಿಯದ ಒಂದು ಅಚ್ಚುವಾಕ್ಯವು ಹೇಗೆ ಪಾಲಿಸೀತು? ಪರಿಹಾರವು ಭಾಷೆಯೊಳಗೇ ಇತ್ತು. ‘ಎಂಬ’, ‘ಎಂದು’ ಎಂಬ ಶಬ್ದಗಳು ಎಂಥ ಪದವನ್ನಾದರೂ, ವಾಕ್ಯವನ್ನಾದರೂ, ಅದರ ರೂಪವನ್ನು ಕೆಡಿಸದೆ ಹಾಗೆಯೇ ಎತ್ತಿಕೊಂಡು ಬರುವ ಶಕ್ತಿಯುಳ್ಳವು. ‘“ಬೇಂದ್ರೆ” ಎಂಬ ಹೆಸರಿನಲ್ಲಿ’, ‘“ಸಂಸ್ಕಾರ” ಎಂದು ಹುಡುಕಿದಾಗ’ ಎಂದರೆ ವಿಭಕ್ತಿಯ ಹೊರೆಯನ್ನು ನಮ್ಮ ಅಚ್ಚುವಾಕ್ಯದ ಪದವೇ ಹೊರುತ್ತದೆ, ಓದುಗನ ಪದವು ಉದ್ಧರಣಚಿಹ್ನೆಗಳೊಳಗೆ ಅಬಾಧಿತವಾಗಿ ಉಳಿಯುತ್ತದೆ. ಆಂಡ್ರಾಯ್ಡ್‌ನಲ್ಲಿ ಕನ್ನಡದ ವಾಕ್ಯಗಳಿಗೆಂದು ‘ವ್ಯಾಲ್ಯೂಸ್-ಕೆಎನ್’ ಎಂಬ ಪ್ರತ್ಯೇಕ ಕೋಶವಿರುತ್ತದೆ. ಅದರೊಳಗಣ ಒಂದೊಂದು ವಾಕ್ಯವನ್ನೂ ಇಂಗ್ಲಿಷಿನ ಪಕ್ಕದಲ್ಲಿಟ್ಟು ಭಾಷಾಂತರಿಸದೆ, ಇಂಗ್ಲಿಷನ್ನು ಮುಚ್ಚಿಟ್ಟು ಹೊಸದಾಗಿ ಬರೆಯತಕ್ಕದ್ದೆಂಬುದು ನನ್ನ ದೃಢವಾದ ಅಭಿಪ್ರಾಯ. ‘ಯಾವುದೇ ಫಲಿತಾಂಶಗಳು ಕಂಡುಬಂದಿಲ್ಲ’ ಎಂದು ಪುಸ್ತಕಭಂಡಾರದ ಯಾವ ಕಾರ್ಯದರ್ಶಿಯೂ ಯಾರಿಗೂ ಹೇಳಿದ್ದಿಲ್ಲ. ಫಲಿತಾಂಶವೆಂದರೆ ನಮ್ಮ ಜನಕ್ಕೆ ಪರೀಕ್ಷೆಯದು, ಇಲ್ಲವೆ ಚುನಾವಣೆಯದು. ಪುಸ್ತಕವನ್ನು ಹುಡುಕಿದವನಿಗೆ ‘ಪುಸ್ತಕ ಸಿಗಲಿಲ್ಲ’ ಎನ್ನಬೇಕು. ಅಂಗಡಿಯಲ್ಲಿ ‘ಸಾಮಾನು ಸಿಗಲಿಲ್ಲ’ ಎನ್ನಬೇಕು.

ಸಂಖ್ಯೆಯ ವಿಷಯದಲ್ಲಿಯೂ ಒಂದು ಅಡಗಿದ ಹಳ್ಳವಿತ್ತು. ‘ಇಷ್ಟು ಪುಸ್ತಕಗಳು ದೊರೆತಿವೆ’ ಎಂದು ಹೇಳುವಾಗ ಏಕವಚನಕ್ಕೊಂದು, ಬಹುವಚನಕ್ಕೊಂದು ವಾಕ್ಯವನ್ನು ಕೊಟ್ಟಿಡುವುದು ಪದ್ಧತಿ. ಯಾವ ಸಂಖ್ಯೆಗೆ ಯಾವ ವಾಕ್ಯವೆಂಬುದನ್ನು ಯೂನಿಕೋಡ್ ಸಂಸ್ಥೆಯ ಸಿಎಲ್‌ಡಿಆರ್ ಎಂಬ ಭಾಷಾವಿವರಗಳ ಭಂಡಾರವು ನಿರ್ಣಯಿಸುತ್ತದೆ. ಅದರ ಪ್ರಕಾರ ಇಂಗ್ಲಿಷಿನಲ್ಲಿ ಸೊನ್ನೆಯು ಬಹುವಚನದ ಪಂಕ್ತಿಗೆ ಸೇರಿದ್ದು. ಕನ್ನಡದಲ್ಲಿ ಹಾಗಲ್ಲ, ಸೊನ್ನೆಯೂ ಒಂದೂ ಒಂದೇ ಪಂಕ್ತಿ. ಇದನ್ನರಿಯದೆ ಏಕವಚನದ ಸ್ಥಾನದಲ್ಲಿ, ಅಂಕೆಯ ಬದಲು ಅಕ್ಷರದಲ್ಲಿ, ‘ಒಂದು ಪುಸ್ತಕ ದೊರೆತಿದೆ’ ಎಂದು ಬರೆದಿಟ್ಟರೆ, ಒಂದೂ ದೊರೆಯದಿದ್ದಾಗಲೂ ಆ ಕನ್ನಡದ ಪರದೆಯು ಒಂದು ದೊರೆತಿದೆಯೆಂದೇ ಹೇಳುತ್ತದೆ. ಇಂಗ್ಲಿಷಿನಲ್ಲಿಟ್ಟು ಪರೀಕ್ಷಿಸಿದವನಿಗೆ ಈ ದೋಷವು ಎಂದಿಗೂ ಕಣ್ಣಿಗೆ ಬೀಳದು. ನಮ್ಮ ಆ್ಯಪ್ ನಿಖರವಾಗಿ ಹೀಗೆಯೇ ನುಡಿಯಿತು. ಸೊನ್ನೆಗೆ ಎಣಿಕೆಯ ವಾಕ್ಯವನ್ನು ಬಳಸದೆ ಅದನ್ನು ಮೊದಲೇ ಬೇರ್ಪಡಿಸಿ, ಅದಕ್ಕೆ ಅದರದೇ ಮಾತನ್ನು ಕೊಟ್ಟ ಮೇಲೆ ಸರಿಹೋಯಿತು.

ಇಷ್ಟೆಲ್ಲ ಆದಮೇಲೆಯೂ ‘ಟಾಲ್‌ಸ್ಟಾಯ್’ ಸಿಗಲಿಲ್ಲ. ಪುಸ್ತಕವಿತ್ತು, ಪಟ್ಟಿಯಲ್ಲಿ ಹೆಸರಿತ್ತು, ದೀಪವೂ ಉರಿಯುತ್ತಿತ್ತು. ಕಾರಣವನ್ನು ಹುಡುಕಿದರೆ, ಸಕಾರವು ಲಕಾರಕ್ಕೆ ಒತ್ತಾಗಿ ಕೂಡದಂತೆ ತಡೆಯುವುದಕ್ಕಾಗಿ ಪಟ್ಟಿ ಬರೆದವರು ನಡುವೆ ಇಟ್ಟಿದ್ದ, ಕಣ್ಣಿಗೆ ಕಾಣದ, ಅಗಲವೇ ಇಲ್ಲದ ಒಂದು ಬೇರ್ಪಡಿಕೆಯ ಅಕ್ಷರವು ಓದುಗನ ಬರೆಹದಲ್ಲಿರಲಿಲ್ಲ. ಕಣ್ಣಿಗೆ ಒಂದೇ ಆಗಿದ್ದು ಯಂತ್ರಕ್ಕೆ ಎರಡಾಗುವ ರೂಪಗಳೂ ಕನ್ನಡದಲ್ಲಿವೆ. ‘ಕೊ’ ಎಂಬುದರ ಒಕಾರವನ್ನು ಒಂದೇ ಚಿಹ್ನೆಯಾಗಿ ಶೇಖರಿಸಬಹುದು. ಎತ್ವದ ಗುರುತು, ಊಕಾರದ ಗುರುತು ಎಂದು ಎರಡಾಗಿಯೂ ಶೇಖರಿಸಬಹುದು. ಇವೆರಡೂ ಸಮಾನವೆಂದು ಯೂನಿಕೋಡ್ ಹೇಳುತ್ತದೆಯಾದರೂ, ಹೋಲಿಸುವುದಕ್ಕೆ ಮೊದಲು ಎರಡನ್ನೂ ಒಂದು ರೂಪಕ್ಕೆ ತರಬೇಕಾದವನು ಆ್ಯಪ್ ಬರೆಯುವವನೇ. ‘ದ.ರಾ. ಬೇಂದ್ರೆ’ ಎಂಬಲ್ಲಿಯ ಚುಕ್ಕೆಗಳನ್ನು ಬಿಟ್ಟು ಬರೆದವನಿಗೆ ಬೇಂದ್ರೆಯವರು ದೊರೆಯದೆ ಹೋಗುವುದೂ ಇದೇ ಬಗೆಯ ಅನ್ಯಾಯ. ಇವುಗಳನ್ನೆಲ್ಲ ಸರಿಪಡಿಸುವ ತನಕ, ಎಷ್ಟು ನಯವಾದ ಸಂದೇಶವನ್ನು ಬರೆದರೂ ಅದು ನಯವಾಗಿ ಹೇಳಿದ ಅಸತ್ಯವಾಗಿರುತ್ತದೆ. ಸಂದೇಶವನ್ನು ತಿದ್ದಲು ಹೊರಟವನು ಹುಡುಕುವ ಕ್ರಮವನ್ನೇ ತಿದ್ದಬೇಕಾಗುತ್ತದೆಂಬುದು ಮೊದಲನೆಯ ಭಾನುವಾರದ ಸಂಜೆಗೆ ನಮಗಿಬ್ಬರಿಗೂ ಮನದಟ್ಟಾಯಿತು.

ಎರಡನೆಯ ಭಾನುವಾರವೆಲ್ಲ ಪುಟ್ಟಪ್ಪನವರದು. ಆ ಕುರಿತು ಯೋಚಿಸುವಾಗ ನನಗೆ ಎಸ್.ಆರ್. ರಂಗನಾಥನ್ ಅವರ ನೆನಪಾಯಿತು. ಗ್ರಂಥಾಲಯಶಾಸ್ತ್ರದ ಪಂಚಸೂತ್ರಗಳನ್ನು 1931ರಲ್ಲಿ ಪ್ರಕಟಿಸಿದ ಆ ಮಹನೀಯರು ತಮ್ಮ ಕಡೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, 1962ರಲ್ಲಿ ಇಲ್ಲಿಯೇ ದಾಖಲೀಕರಣದ ಸಂಶೋಧನೆ ಮತ್ತು ತರಬೇತಿಯ ಕೇಂದ್ರವೊಂದನ್ನು ಸ್ಥಾಪಿಸಿ, 1972ರಲ್ಲಿ ಇಲ್ಲಿಯೇ ದಿವಂಗತರಾದರು. ಓದುಗನ ಕಾಲವನ್ನು ಉಳಿಸಬೇಕೆಂಬುದು ಅವರ ನಾಲ್ಕನೆಯ ಸೂತ್ರ. ಮರದ ಪೆಟ್ಟಿಗೆಗಳಲ್ಲಿ ಕಾರ್ಡುಗಳನ್ನು ಜೋಡಿಸಿಡುತ್ತಿದ್ದ ದಿನಗಳಲ್ಲಿ ಈ ಸೂತ್ರವನ್ನು ನಡೆಸಿಕೊಡುತ್ತಿದ್ದುದು ‘ನೋಡಿ’ ಎಂಬ ಕಾರ್ಡು. ಪುಟ್ಟಪ್ಪ, ಕೆ.ವಿ.: ಕುವೆಂಪು ನೋಡಿ. ಅಂಬಿಕಾತನಯದತ್ತ: ಬೇಂದ್ರೆ ನೋಡಿ. ಶ್ರೀನಿವಾಸ: ಮಾಸ್ತಿ ವೆಂಕಟೇಶ ಅಯ್ಯಂಗಾರ್ ನೋಡಿ. ಓದುಗನು ತಪ್ಪು ಬಾಗಿಲನ್ನು ತಟ್ಟಿದನೆಂದು ಅವನನ್ನು ಹಿಂದಕ್ಕೆ ಕಳುಹಿಸದೆ, ಆ ಬಾಗಿಲಲ್ಲಿಯೇ ಒಬ್ಬನನ್ನು ನಿಲ್ಲಿಸಿ ಸರಿಯಾದ ಬಾಗಿಲನ್ನು ತೋರಿಸುವ ಈ ಏರ್ಪಾಡಿಗಿಂತ ಮಿಗಿಲಾದ ಸೌಜನ್ಯವು ಗ್ರಂಥಾಲಯದಲ್ಲಿ ಬೇರೆ ಯಾವುದುಂಟು? ಕಾವ್ಯನಾಮಗಳಿಂದ ತುಂಬಿದ ಕನ್ನಡ ಸಾಹಿತ್ಯಕ್ಕಂತೂ ಇದು ಅಲಂಕಾರವಲ್ಲ, ಅವಶ್ಯಕತೆ. ಕಾರ್ಡು ಪೆಟ್ಟಿಗೆಗಳು ಮೂಲೆ ಸೇರಿದೊಡನೆ ಅವುಗಳ ಜೊತೆಗೆ ಆ ‘ನೋಡಿ’ಗಳೂ ಎಷ್ಟೋ ಕಡೆ ಮೂಲೆ ಸೇರಿದುವಲ್ಲಾ ಎಂದು ನನಗೆ ವ್ಯಥೆಯಾಗುತ್ತದೆ. ನಾವು ಕಾಗದದ ಮೇಲೆ ಲೇಖಕರ ಹೆಸರುಗಳನ್ನೂ ಕಾವ್ಯನಾಮಗಳನ್ನೂ ಎರಡು ಸಾಲಾಗಿ ಬರೆದು ಯಂತ್ರಕ್ಕೆ ಕೊಟ್ಟೆವು. ತ್ರಿವೇಣಿಯವರ ಎದುರಿಗೆ ಅನಸೂಯಾ ಶಂಕರ್ ಎಂದು ನಾನು ಬರೆದಾಗ, “ಹೌದಾ ಚಿಕ್ಕಪ್ಪ, ನಂಗೆ ಗೊತ್ತೇ ಇರ್ಲಿಲ್ಲ” ಎಂದು ಅಣ್ಣನ ಮಗ ತಲೆಯೆತ್ತಿದನು.

ಅಂಗಡಿಯ ಆ್ಯಪ್‌ಗಳಿಗೂ ಈ ಪಟ್ಟಿ ಇಷ್ಟೇ ಬೇಕಾದದ್ದು. ಧಾರವಾಡದ ಕಡೆಯವರಾದ ನಮ್ಮ ಅತ್ತಿಗೆಯವರು ಬೆಂಗಳೂರಿಗೆ ಬಂದ ಹೊಸತರಲ್ಲಿ ಪುಟಾಣಿಯನ್ನು ತರಿಸಹೋಗಿ, ಸಿಗದೆ, “ಅಲ್ರೀ, ಇಷ್ಟ ದೊಡ್ಡ ಊರಾಗ ಪುಟಾಣಿ ಸಿಗೂದಿಲ್ಲೇನ್ರೀ?” ಎಂದು ನನ್ನನ್ನು ಕೇಳಿದ್ದರು. ಬೀದಿಯ ಮೂಲೆಯ ಶೆಟ್ಟರಾದರೆ, “ಹುರಿಗಡಲೆ ತಾನೇ ಅಮ್ಮಾ?” ಎಂದು ಅಳೆದು ಕೊಟ್ಟುಬಿಡುತ್ತಿದ್ದರು. ಕಡಲೆಕಾಯಿಯು ಶೇಂಗಾ ಆಗುವ, ಪುರಿಯು ಒಂದು ಸೀಮೆಯಲ್ಲಿ ಮಂಡಕ್ಕಿಯೂ ಇನ್ನೊಂದರಲ್ಲಿ ಚುರುಮುರಿಯೂ ಆಗುವ ನಾಡಿನಲ್ಲಿ, ಹೆಸರು ಸೇರದ ಮಾತ್ರಕ್ಕೆ ಸಾಮಾನಿಲ್ಲವೆನ್ನುವವನು ವ್ಯಾಪಾರಿಯೇ ಅಲ್ಲ.

ಕಾಗುಣಿತದ ವ್ಯತ್ಯಾಸಗಳಿಗೆ ಬೇರೆ ಉಪಾಯವಿದೆ. ಕುವೆಂಪು ಅವರ ಕಾದಂಬರಿಯ ಹೆಗ್ಗಡಿತಿಯನ್ನು ‘ಹೆಗ್ಗಡತಿ’ ಎಂದು ಬರೆಯುವವರು ಬಹುಮಂದಿ. ಒಂದು ಪದವನ್ನು ಇನ್ನೊಂದಾಗಿ ಮಾರ್ಪಡಿಸಲು ಎಷ್ಟು ಚಿಹ್ನೆಗಳನ್ನು ಸೇರಿಸಬೇಕು, ತೆಗೆಯಬೇಕು ಅಥವಾ ಬದಲಾಯಿಸಬೇಕು ಎಂಬ ಎಣಿಕೆಯನ್ನೇ ಆ ಪದಗಳ ನಡುವಣ ದೂರವೆಂದು ಅಳೆಯುವ ಕ್ರಮವನ್ನು ಸೋವಿಯೆತ್ ಗಣಿತಜ್ಞ ಲೆವೆನ್‌ಶ್ಟೈನ್ 1965ರಲ್ಲಿ ಪ್ರತಿಪಾದಿಸಿದನು. ಅವನ ಅಳತೆಯಲ್ಲಿ ಈ ಎರಡು ರೂಪಗಳ ದೂರ ಒಂದೇ ಒಂದು ಗುಡಿಸು. ಹತ್ತಿರದ ಹೆಸರುಗಳನ್ನು ಹೀಗೆ ಆರಿಸಿ, ‘ಇವುಗಳಲ್ಲಿ ಯಾವುದಾದರೂ ಇರಬಹುದೇ?’ ಎಂದು ಸಂದೇಶದ ಕೆಳಗೆ ಜೋಡಿಸಿದೆವು. ಓದುಗನ ಪದವನ್ನು ಅವನಿಗೆ ತಿಳಿಸದೆ ಬದಲಾಯಿಸಿ ಬೇರೆಯದನ್ನು ತಂದೊಡ್ಡುವುದು ನನಗೆ ಸಮ್ಮತವಾಗಲಿಲ್ಲ. ಅವನು ಬರೆದುದು ಅವನ ಕಣ್ಣೆದುರಿಗೇ ಇರಬೇಕು. ಮುದ್ರಿತ ನಿಘಂಟುವನ್ನು ಬಳಸಿದವರಿಗೆ, ನೆರೆಯ ಪದಗಳನ್ನು ಕಾಣುವ ಈ ಸುಖದ ಪರಿಚಯವುಂಟು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನವರು ಮುದ್ರಿಸಿದ ಕಿಟ್ಟೆಲರ ನಿಘಂಟುವಿನಲ್ಲಿ ನಾವು ಹುಡುಕಿದ ಪದವಿಲ್ಲದಿದ್ದರೂ ಪುಟವು ಬರಿದಾಗಿರುವುದಿಲ್ಲ. ಆ ಪದವು ಇದ್ದಿದ್ದರೆ ಎಲ್ಲಿರುತ್ತಿತ್ತೋ ಅದರ ಎಡಬಲದ ನೆರೆಹೊರೆಯವರು ಅಲ್ಲಿ ನಿಂತಿರುತ್ತಾರೆ, ಎಷ್ಟೋ ಸಾರಿ ನಮಗೆ ಬೇಕಾಗಿದ್ದವನು ಅವರೊಳಗೊಬ್ಬನೇ ಆಗಿರುತ್ತಾನೆ.

ಮಾತಿನ ಧಾಟಿಯ ಬಗೆಗೆ ಹೆಚ್ಚು ಹೇಳಬೇಕಾಗಿಲ್ಲ. ಓದುಗನು ತಪ್ಪು ಮಾಡಿದನೆಂಬ ಧ್ವನಿ ಕೂಡದು. ಅತಿಯಾದ ಕ್ಷಮಾಪಣೆಯೂ ಬೇಡ. ಅಳುವ ಮುಖದ ಚಿತ್ರವೊಂದನ್ನು ಅಣ್ಣನ ಮಗ ಮೊದಲು ಅಲ್ಲಿಟ್ಟಿದ್ದನು, ತೆಗೆದುಹಾಕಿದೆವು. ಆದರೆ ಒಂದನ್ನು ಮಾತ್ರ ಬಿಡುವಂತಿಲ್ಲ. ಕಣ್ಣು ಕಾಣದ ಸದಸ್ಯರೊಬ್ಬರು ಆ ಸಂಘದಲ್ಲಿದ್ದಾರೆ. ಪರದೆಯ ಮೇಲಿನದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಎಂಬ ಸೌಲಭ್ಯದ ಮೂಲಕ ಅವರು ಫೋನನ್ನು ಬಳಸುತ್ತಾರೆ. ಪಟ್ಟಿ ಮಾಯವಾಗಿ ಸಂದೇಶ ಮೂಡಿದುದು ನಮಗೆ ಕಾಣುತ್ತದೆ. ಬೆರಳು ಇನ್ನೂ ಬರೆಯುವ ಪೆಟ್ಟಿಗೆಯಲ್ಲಿಯೇ ಇರುವ ಅವರಿಗೆ ಮೌನವಲ್ಲದೆ ಬೇರೇನೂ ಕೇಳಿಸದು. ಅವರ ಪಾಲಿಗೆ ಹುಡುಕಾಟವು ನಡೆಯುತ್ತಿದೆಯೇ, ಮುಗಿಯಿತೇ, ಕೆಟ್ಟುನಿಂತಿತೇ ಎಂಬುದೇ ತಿಳಿಯದು. ಆ ಸಂದೇಶದ ಜಾಗವನ್ನು, ಅಲ್ಲಿ ಮಾತು ಬದಲಾದೊಡನೆ, ನಡೆಯುತ್ತಿರುವ ಓದನ್ನು ಕತ್ತರಿಸದೆ, ತಾನಾಗಿ ಓದಿ ಹೇಳತಕ್ಕ ಜೀವಂತ ಪ್ರದೇಶವೆಂದು ಗುರುತು ಮಾಡುವುದಕ್ಕೆ ಆಂಡ್ರಾಯ್ಡ್‌ನಲ್ಲಿ ಒಂದು ಸಾಲು ಸಾಕು. ಆ ಒಂದು ಸಾಲನ್ನು ಬರೆಯದೆ ಹೊರಬೀಳುವ ಆ್ಯಪ್‌ಗಳನ್ನು ಕುರಿತು ಅವರು ನನ್ನೊಡನೆ ಮಾತನಾಡಿದಾಗ ಅವರ ಕಂಠದಲ್ಲಿ ಕೋಪವಿರಲಿಲ್ಲ, ಅಭ್ಯಾಸವಾಗಿಹೋದ ದಣಿವಿತ್ತು. ಅದೇ ನನಗೆ ಹೆಚ್ಚು ನಾಟಿತು.

ಎಲ್ಲ ಬಾಗಿಲುಗಳನ್ನು ತಟ್ಟಿದ ಮೇಲೆಯೂ ಸಿಗದೆ ಉಳಿದುದಕ್ಕೆ ‘ಈ ಪುಸ್ತಕ ತರಿಸಿರಿ’ ಎಂಬ ಗುಂಡಿಯನ್ನಿಟ್ಟೆವು. ಹಳೆಯ ವಾಚನಾಲಯಗಳಲ್ಲಿ ಮೇಜಿನ ಮೇಲೆ ದಾರದಿಂದ ಪೆನ್ಸಿಲನ್ನು ಕಟ್ಟಿ ಇಡುತ್ತಿದ್ದ ಸಲಹಾಪುಸ್ತಕದ ಸ್ಥಾನ ಇದಕ್ಕೆ. ಗುಂಡಿಯನ್ನು ಒತ್ತದವರ ಸಿಗದ ಪದಗಳನ್ನೂ, ಬರೆದವರ ಹೆಸರನ್ನು ಬಿಟ್ಟು ಪದವನ್ನಷ್ಟೇ, ಶೇಖರಿಸುವಂತೆ ಏರ್ಪಡಿಸಿದೆವು. ಓದುಗರು ಏನನ್ನು ಬಯಸಿ ಬಂದರೆಂಬುದು ಸಿಕ್ಕ ಪುಸ್ತಕಗಳ ಲೆಕ್ಕಕ್ಕಿಂತ ಸಿಗದ ಪದಗಳ ಪಟ್ಟಿಯಲ್ಲಿ ಹೆಚ್ಚು ನಿಚ್ಚಳವಾಗಿ ತಿಳಿಯುತ್ತದೆ. ಪುಸ್ತಕಗಳನ್ನು ಕೊಳ್ಳುವ ಸಮಿತಿಯು ತಿಂಗಳಿಗೊಮ್ಮೆ ಆ ಪಟ್ಟಿಯನ್ನು ಓದಬೇಕೆಂದು ನಾನು ಕಾರ್ಯದರ್ಶಿಯವರನ್ನು ಕೇಳಿಕೊಂಡಿದ್ದೇನೆ.

ಎರಡನೆಯ ಭಾನುವಾರ ಸಂಜೆಯಾದಾಗ ಕಡೆಯ ಪರೀಕ್ಷೆ ನಡೆಯಿತು. ಆ ಭಂಡಾರದಲ್ಲಿ ಖಂಡಿತವಾಗಿ ಇರದಂಥ ಒಂದು ಹೆಸರನ್ನು, ಪಶುವೈದ್ಯದ ಗ್ರಂಥವೊಂದನ್ನು, ನಾನು ಬರೆದೆನು. ಸರ್ವರ್ ಉತ್ತರಿಸಿತ್ತು, ಸೋಸುವ ಗುಂಡಿಯನ್ನು ಒತ್ತಿರಲಿಲ್ಲ, ಅಕ್ಷರಗಳೆಲ್ಲ ಒಂದು ರೂಪಕ್ಕೆ ಬಂದಿದ್ದುವು, ಕಾವ್ಯನಾಮಗಳನ್ನೂ ನೆರೆಯ ಪದಗಳನ್ನೂ ಯಂತ್ರವು ವಿಚಾರಿಸಿ ಮುಗಿಸಿತ್ತು. “ಚಿಕ್ಕಪ್ಪ, ಈಗ ‘ಸಿಗಲಿಲ್ಲ’ ಅನ್ನೋದು ಬಿಟ್ಟು ‘ಇಲ್ಲ’ ಅಂತಲೇ ಬರೀಬಹುದಾ?” ಎಂದು ಅಣ್ಣನ ಮಗ ಕೇಳಿದನು. ಬರೆಯಬಹುದೆಂದೆನು. ‘ಈ ಹೆಸರಿನ ಪುಸ್ತಕ ನಮ್ಮ ಭಂಡಾರದಲ್ಲಿ ಇಲ್ಲ. ತರಿಸಬೇಕೇ?’ ಎಂದು ಅವನು ಬರೆದನು. ಬಳಿಕ ಫೋನಿನ ನೆಟ್‌ವರ್ಕನ್ನು ಕಡಿದು, ಅದೇ ಹೆಸರನ್ನು ಮತ್ತೊಮ್ಮೆ ಹುಡುಕಿ, ಫೋನನ್ನು ನನ್ನ ಕಡೆಗೆ ತಿರುಗಿಸಿ ಹಿಡಿದನು. ಪರದೆಯ ಮೇಲೆ, ‘ಕಪಾಟಿನ ತನಕ ಹೋಗಲಾಗಲಿಲ್ಲ. ಪುಸ್ತಕ ಉಂಟೋ ಇಲ್ಲವೋ ಈಗ ಹೇಳಲಾರೆವು’ ಎಂದಿತ್ತು.